ಇಲ್ಲದ ಗೋಡೆಯ ಅಳತೆ

ಅಕ್ಟೋಬರ್ 6, ಸೋಮವಾರ

ಈ ನೋಟ್‌ಬುಕ್ಕನ್ನು ಮನೆಮಾತಿನಲ್ಲೇ ಬರೆಯುತ್ತೇನೆ. ಮೂರನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳಿಗೆ ಒಂದು ವಿದ್ಯೆಯಂತೂ ಬರುತ್ತದೆ, ವಾರ್ಡನ್‌ಗೆ ಓದಲು ಬಾರದ ಭಾಷೆಯಲ್ಲಿ ಬರೆಯುವುದು. ಈಗ ವಾರ್ಡನ್ ಇಲ್ಲ, ರೂಮ್‌ಮೇಟ್ ಇದ್ದಾಳೆ. ಒತ್ತಕ್ಷರ ತಪ್ಪಿದರೆ ಕೆಂಪು ಇಂಕು ಹಾಕುವವರು ಯಾರೂ ಇಲ್ಲ.

ಇವತ್ತು ಸೈಟಿನಲ್ಲಿ ಮೊದಲ ದಿನ. ಮುಖ್ಯರಸ್ತೆಯ ಹಿಂದಿನ ಓಣಿ, ಹಳೆಯ ಪ್ರಿಂಟಿಂಗ್ ಪ್ರೆಸ್ ಕೆಡವಿದ ಜಾಗ. ಇಲ್ಲಿ ಆರು ಅಂತಸ್ತು ಏಳುತ್ತದಂತೆ, ನೆಲದ ಕೆಳಗೆ ಕಾರು ನಿಲ್ಲಿಸಲು ಇನ್ನೆರಡು. ಅದಕ್ಕೆ ಮೊದಲು ಕೆಳಗೆ ಹಳೆಯದೇನಿದೆ ಎಂದು ನಾವು ಅಗೆದು ನೋಡಿ ಹೇಳಬೇಕು. ಹದಿನೈದಕ್ಕೆ ಪುರಾತತ್ವ ಇಲಾಖೆಯ ಅಧಿಕಾರಿ ಬರುತ್ತಾರೆ. ಕಟ್ಟಡದ ಕುರುಹು ಏನೂ ಇಲ್ಲ ಎಂದರೆ ಅವತ್ತೇ ಜಾಗ ಬಿಟ್ಟುಕೊಡಬೇಕು. ಕಟ್ಟಡ ಕಟ್ಟುವ ಕಂಪನಿಯವರಿಗೆ ಅಷ್ಟೂ ತಾಳ್ಮೆ ಇಲ್ಲ. ಆ ತುದಿಯಲ್ಲಿ ಅವರ ಮಷೀನು ಆಗಲೇ ನೆಲಕ್ಕೆ ಕಂಬ ಬಡಿಯುತ್ತಿದೆ. ಒಂದೊಂದು ಏಟೂ ನನ್ನ ಹಲ್ಲಿಗೆ ಗೊತ್ತಾಗುತ್ತದೆ.

ಇಬ್ಬರು ಸೀನಿಯರ್‌ಗಳು ಜ್ವರ ಎಂದು ಬಂದಿಲ್ಲ. ಅದಕ್ಕೇ ಮೇಡಂ, ಅಂದರೆ ನಮ್ಮ ಪ್ರೊಫೆಸರ್, ಮೂರನೇ ಟ್ರೆಂಚನ್ನು ನನ್ನ ಕೈಗೆ ಕೊಟ್ಟರು. ಐದು ಮೀಟರಿಗೆ ಐದು ಮೀಟರ್, ಅಗೆಯಬೇಕಾದ ಚೌಕ ಗುಂಡಿ. ಫಸ್ಟ್ ಇಯರ್‌ನವಳಿಗೆ! ನನ್ನ ಜೊತೆ ಅಗೆಯುವವರು ಮಾವ. ಮೂವತ್ತು ವರ್ಷದಿಂದ ಇದೇ ಕೆಲಸ ಮಾಡಿದವರು. ಅವರನ್ನು ಎಲ್ಲರೂ ಮಾವ ಎಂದೇ ಕರೆಯುತ್ತಾರೆ, ಮೇಡಂ ಕೂಡ. ಅವರು ನನ್ನನ್ನು ಮರಿ ಮೇಡಂ ಎನ್ನುತ್ತಾರೆ.

ಇವತ್ತು ನಾನು ‘ಸಾರಿ’ ಅಂದದ್ದು ಹದಿನಾಲ್ಕು ಸಲ. ಅದರಲ್ಲಿ ಒಂದು ಸಲ ತಳ್ಳುಗಾಡಿಗೆ.

ಕೋರ್ಸ್ ಬದಲಿಸುವ ಅರ್ಜಿ ಬ್ಯಾಗಿನಲ್ಲೇ ಇದೆ. ಅಕ್ಕ ಪೂರ್ತಿ ತುಂಬಿಸಿ ಕಳಿಸಿದ್ದಾಳೆ, ನನ್ನ ಸಹಿ ಒಂದು ಬಾಕಿ. ಅದಕ್ಕೂ ಹದಿನೈದೇ ಕೊನೆಯ ದಿನ. “ಮಣ್ಣು ಹೊರೋಕೆ ಡಿಗ್ರಿ ಯಾಕೆ ಬೇಕೇ?” ಅಂತ ಅವಳ ಪ್ರಶ್ನೆ. ಒಂಬತ್ತು ದಿನ ಯಾರ ಕಣ್ಣಿಗೂ ಬೀಳದೆ ಕಳೆದರೆ ಸಾಕು.

ಅಕ್ಟೋಬರ್ 8, ಬುಧವಾರ

ಇವತ್ತು ಮೇಡಂ ‘ಗುಡ್’ ಅಂದರು. ಅವರು ಹಾಗನ್ನುವುದು ವರ್ಷಕ್ಕೆ ಎರಡು ಸಲವಂತೆ.

ಐದು ಗಂಟೆಗೆ ಫೋಟೋ ತೆಗೆಯುವುದಿತ್ತು. ಅಷ್ಟರಲ್ಲಿ ಟ್ರೆಂಚಿನ ತಳ ಒಂದು ಮೀಟರ್ ನಲವತ್ತರ ಆಳಕ್ಕೆ ಸಮವಾಗಿ ಬರಬೇಕು. ಮೂರೂವರೆಗೆ ಒಂದು ಬದಿಯಲ್ಲಿ ಇನ್ನೂ ಮೊಣಕಾಲುದ್ದ ಮಣ್ಣು ಉಳಿದಿತ್ತು. ಆಗ ಮಾವ ಅಗೆಯುವುದನ್ನು ನಿಲ್ಲಿಸಿ ಕರಣೆಯ ಹಿಡಿಯಿಂದ ನೆಲ ತಟ್ಟಿದರು.

“ಮರಿ ಮೇಡಂ, ಈ ಪಟ್ಟಿ ಸ್ವಲ್ಪ ಬಿಗಿ ಇದೆ. ಪಕ್ಕದ ಮಣ್ಣಿನ ಥರ ಇಲ್ಲ. ಬ್ರಷ್ ಹಾಕಿ ನೋಡೋಣ್ವಾ?”

ಬಗ್ಗಿ ನೋಡಿದೆ. ಕಂದು ಮಣ್ಣಿನ ಪಕ್ಕ ಕಂದು ಮಣ್ಣು. ಬ್ರಷ್ ಹಿಡಿದರೆ ಒಂದು ಗಂಟೆ ಹೋಯಿತು. “ಟೈಮ್ ಇಲ್ಲ ಮಾವ, ಅಗೀರಿ” ಅಂದೆ. ನನ್ನ ದನಿ ನಮ್ಮ ವಾರ್ಡನ್ನಿನ ದನಿಯಂತೆ ಕೇಳಿಸಿತು.

“ಆಯ್ತು ತಾಯಿ” ಎಂದು ಅಗೆದರು. ನಾನೂ ಇನ್ನೊಂದು ಕಡೆಯಿಂದ ಕೆರೆದೆ. ನಿಜವಾಗಿಯೂ ಬಿಗಿಯಾಗಿತ್ತು, ಮಣಿಕಟ್ಟು ಇನ್ನೂ ನೋಯುತ್ತಿದೆ. ಐದಕ್ಕೆ ಐದು ನಿಮಿಷ ಇರುವಾಗ ತಳ ಮೇಜಿನಂತೆ ಸಮ. ಮೇಡಂ ಮೇಲಿನಿಂದಲೇ ನೋಡಿ ‘ಗುಡ್’ ಅಂದರು.

ಅಕ್ಕನಿಗೆ ಫೋನ್ ಮಾಡಿ ಹೇಳಿದೆ. “ಗುಡ್ ಅಂದ್ರೆ ಮಾರ್ಕ್ಸ್ ಬರತ್ತಾ?” ಎಂದು ಕೇಳಿದಳು.

ಅಕ್ಟೋಬರ್ 10, ಶುಕ್ರವಾರ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ನನ್ನ ಟ್ರೆಂಚಿಗೂ ನಾಲ್ಕನೇ ಟ್ರೆಂಚಿಗೂ ನಡುವೆ ಒಂದು ಮೀಟರ್ ಅಗಲದ ಮಣ್ಣನ್ನು ಅಗೆಯದೆ ಬಿಟ್ಟಿದ್ದೇವೆ. ಕೆಲಸದವರು ಅದನ್ನು ಬದು ಎನ್ನುತ್ತಾರೆ, ಹೊಲದ ಬದುವಿನ ಹಾಗೆ. ಕೇಕು ಕೊಯ್ದರೆ ಒಳಗಿನ ಪದರ ಕಾಣುತ್ತದಲ್ಲ, ಹಾಗೆ ಬದುವಿನ ಮೈಯಲ್ಲಿ ಮಣ್ಣಿನ ಪದರಗಳು ಕಾಣಬೇಕು. ಅದನ್ನು ಚಿತ್ರ ಬರೆಯಲು ಸಿದ್ಧ ಮಾಡುವ ಕೆಲಸ ನನ್ನದು. ಬೆಳಿಗ್ಗೆ ಏಳಕ್ಕೇ ಹೋದೆ, ಬೇರೆ ಯಾರೂ ಬಂದಿರಲಿಲ್ಲ. ಬಿಸಿಲು ಓರೆಯಾಗಿ ಬೀಳುತ್ತಿತ್ತು.

ಬದುವಿನ ಮೈಯಲ್ಲಿ ಇಟ್ಟಿಗೆಗಳಿದ್ದವು. ಸುಟ್ಟ ಇಟ್ಟಿಗೆಯಲ್ಲ, ಹಸಿ ಇಟ್ಟಿಗೆ. ಸುತ್ತಲಿನ ಮಣ್ಣಿನದೇ ಬಣ್ಣ. ಅಂಚುಗಳಲ್ಲಿ ಮಾತ್ರ ಕೂದಲೆಳೆಯಷ್ಟು ಬಿಳಿಚಾದ ಗೆರೆ. ಕಪಾಟಿನಲ್ಲಿ ಪುಸ್ತಕ ಅಡ್ಡಡ್ಡ ಜೋಡಿಸಿಟ್ಟಂತೆ ಐದು ವರಸೆ, ಅರ್ಧ ಮೀಟರಿಗಿಂತ ಸ್ವಲ್ಪ ಹೆಚ್ಚು ಅಗಲ. ನಾನು ಹಿಂದಕ್ಕೆ ತಿರುಗಿ ನನ್ನ ಟ್ರೆಂಚಿನ ತಳ ನೋಡಿದೆ. ಮೇಜಿನಂತೆ ಸಮ.

ಆ ಬಿಗಿ ಪಟ್ಟಿ ಗೋಡೆ. ಬದುವಿನಿಂದ ಹೊರಟು ನನ್ನ ಟ್ರೆಂಚಿನೊಳಗೆ ಬಂದ ಗೋಡೆ. ಸಾವಿರ ವರ್ಷಕ್ಕೂ ಹೆಚ್ಚು ಕಾಲ ಮಣ್ಣಿನಡಿ ನಿಂತಿತ್ತು. ಬುಧವಾರ ಒಂದೂವರೆ ಗಂಟೆಯಲ್ಲಿ ನಾನು ಅದನ್ನು ಬಾಂಡಲಿಗೆ ತುಂಬಿ ಎಸೆದೆ.

ಆಮೇಲೆ ಮಾಡಿದ್ದನ್ನು ಬರೆಯಲು ನಾಚಿಕೆ. ಬಾಟಲಿಯ ನೀರು ಸುರಿದು ಮಣ್ಣು ಕಲಸಿ, ಅಂಗೈಯಿಂದ ಆ ಇಟ್ಟಿಗೆಗಳ ಮೇಲೆ ಸವರಿದೆ. ಎರಡು ನಿಮಿಷದ ಕೆಲಸ. ಬದು ಮತ್ತೆ ಬದುವಿನಂತೆ ಕಂಡಿತು. ಎಂಟಕ್ಕೆ ಎಲ್ಲರೂ ಬಂದರು. ನಾನು ಎಲ್ಲರಿಗೂ ಗುಡ್ ಮಾರ್ನಿಂಗ್ ಅಂದೆ.

ಅಕ್ಟೋಬರ್ 11, ಶನಿವಾರ

ನಾನು ಸೈಟಿಗೆ ಹೋಗುವಷ್ಟರಲ್ಲಿ ಮಾವ ಬದುವಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಬ್ರಷ್ ಆಡಿಸುತ್ತಿದ್ದರು. ನಾನು ಬಳಿದ ಮಣ್ಣು ಒಣಗಿ ಬಿರಿದು ಹಕ್ಕಳೆ ಹಕ್ಕಳೆಯಾಗಿ ಕೆಳಗೆ ಬಿದ್ದಿತ್ತು. ಉಳಿದದ್ದರಲ್ಲಿ ಐದು ಬೆರಳಿನ ಗುರುತು ಎದ್ದು ಕಾಣುತ್ತಿತ್ತು. ಅದನ್ನೇ ಅವರು ಬ್ರಷ್ಷಿನಿಂದ ತೆಗೆಯುತ್ತಿದ್ದದ್ದು.

“ಹಳೆ ಮಣ್ಣು ಹೊಸ ಮಣ್ಣನ್ನ ಹಿಡ್ಕೊಳ್ಳಲ್ಲ ಮರಿ ಮೇಡಂ” ಅಂದರು, ನನ್ನ ಕಡೆ ತಿರುಗದೆ. ಅಷ್ಟೇ.

ಒಂಬತ್ತಕ್ಕೆ ಮೇಡಂ ಬಂದು ನೋಡಿ ನಿಂತೇಬಿಟ್ಟರು. ಏಣಿ ಇಳಿದು ಕೆಳಗೆ ಬಂದು ಬದು ನೋಡಿದರು, ತಳ ನೋಡಿದರು, ಮತ್ತೆ ಬದು ನೋಡಿದರು.

“ಮಾವ, ನಿಮ್ಮ ಕಣ್ಣಿಗೂ ಬೀಳಲಿಲ್ವಾ ಇದು?”

“ವಯಸ್ಸಾಯ್ತಲ್ಲ ಮೇಡಂ.”

“ಮೂವತ್ತು ವರ್ಷದಲ್ಲಿ ಒಂದು ಗೋಡೆ ಬಿಟ್ಟೋರಲ್ಲ ನೀವು.”

“ಅದಕ್ಕೇ ಅಂದೆ, ವಯಸ್ಸಾಯ್ತು ಅಂತ.”

ನಾನು ಪಕ್ಕದಲ್ಲೇ ಇದ್ದೆ. ಕೈಯಲ್ಲಿ ಅಳತೆ ಟೇಪ್ ಇತ್ತು. ಅದನ್ನು ಎಳೆಯುತ್ತಿದ್ದೆ, ಬಿಡುತ್ತಿದ್ದೆ.

ಅಕ್ಟೋಬರ್ 12, ಭಾನುವಾರ

ರಜೆ. ಬಟ್ಟೆ ಒಗೆದೆ. ಒಗೆದದ್ದನ್ನೇ ಮತ್ತೆ ಒಗೆದೆ.

ಹಾಸ್ಟೆಲಿನಲ್ಲಿ ಒಂದು ನಿಯಮವಿತ್ತು, ಯಾರೂ ಬರೆದಿಡದ್ದು. ತಪ್ಪು ಮಾಡಿದವಳಿಗೆ ಶಿಕ್ಷೆ ಇಲ್ಲ, ಒಪ್ಪಿಕೊಂಡವಳಿಗೆ ಶಿಕ್ಷೆ. ಆರನೇ ಕ್ಲಾಸಿನಲ್ಲಿ ನಾನು ಕಿಟಕಿಯ ಗಾಜು ಒಡೆದೆ. ಸಾಲಾಗಿ ನಿಲ್ಲಿಸಿ ಕೇಳಿದಾಗ ಗೋಡೆಯ ಮೇಲಿನ ಹಲ್ಲಿ ನೋಡುತ್ತಾ ನಿಂತಿದ್ದೆ. ಪಕ್ಕದ ಮಂಚದವಳು ತಾನೇ ಒಡೆದದ್ದು ಎಂದು ಒಪ್ಪಿಕೊಂಡು ಒಂದು ವಾರ ಮೆಟ್ಟಿಲು ಗುಡಿಸಿದಳು. ಆಮೇಲೆ ನನ್ನ ಪಕ್ಕ ಊಟಕ್ಕೆ ಕೂರಲಿಲ್ಲ.

ಅಕ್ಟೋಬರ್ 13, ಸೋಮವಾರ

ಮಾವನನ್ನು ಟ್ರೆಂಚಿನಿಂದ ತೆಗೆದು ಜರಡಿಗೆ ಹಾಕಿದ್ದಾರೆ. ಹೊರಗೆ ಹಾಕಿದ ಮಣ್ಣನ್ನು ಜರಡಿ ಹಿಡಿದು ಮಡಕೆ ಚೂರು ಹೆಕ್ಕುವ ಕೆಲಸ. ಹೊಸಬರಿಗೆ ಕೊಡುವಂಥದ್ದು. ಮೇಡಂ ಸಿಟ್ಟಿನಿಂದೇನೂ ಮಾಡಿದ್ದಲ್ಲ, “ಸ್ವಲ್ಪ ದಿನ ನೆರಳಲ್ಲಿ ಕೂತ್ಕೊಳ್ಳಿ ಮಾವ” ಅಂದರು. ಅದೇ ಹೆಚ್ಚು ನೋವಾಗುವಂತಿತ್ತು.

ಮಧ್ಯಾಹ್ನ ಹೋಗಿ ಅವರ ಪಕ್ಕ ಕೂತೆ.

“ಮಾವ, ನೀವ್ಯಾಕೆ ಹಾಗೆ ಹೇಳಿದ್ರಿ?”

“ಹೇಗೆ?”

“ವಯಸ್ಸಾಯ್ತು ಅಂತ.”

“ಸುಳ್ಳಾ ಅದು? ನೋಡು ತಲೆ.” ಜರಡಿ ಅಲ್ಲಾಡಿಸಿದರು. ಧೂಳು ಇಬ್ಬರ ಮೇಲೂ ಬಿತ್ತು. “ನನ್ನದು ಇನ್ನೆಷ್ಟು ವರ್ಷದ ಕೆಲಸ? ನಿನ್ನದು ಇವತ್ತು ಶುರು. ಹೋಗು, ಟ್ರೆಂಚಲ್ಲಿ ಯಾರೂ ಇಲ್ಲ, ನಾಯಿ ಇಳಿದ್ರೆ ಅದೊಂದು ಹೊಸ ಪದರ ಆಗತ್ತೆ.”

ನಗು ಬಂತು. ನಕ್ಕ ಮೇಲೆ ಅಳುವೂ ಬಂತು, ನೀರಿನ ಟ್ಯಾಂಕಿನ ಹಿಂದೆ ಹೋದೆ.

ಕಂಪನಿಯ ಇಂಜಿನಿಯರ್ ಬಂದಿದ್ದ. ಬದುವಿನಲ್ಲಿ ಕಂಡದ್ದು ಗೋಡೆಯಲ್ಲ, ಬರೀ ಜೇಡಿಮಣ್ಣಿನ ಗಡ್ಡೆ ಅಂತ ಅವನ ವಾದ. “ಗೋಡೆ ಆಗಿದ್ರೆ ಟ್ರೆಂಚಲ್ಲೂ ಇರಬೇಕಿತ್ತಲ್ಲ ಮೇಡಂ? ಬದುವಿನ ಆ ಕಡೆ ಪ್ರೆಸ್ಸಿನ ಟ್ಯಾಂಕ್ ಕಟ್ಟೋವಾಗ್ಲೇ ಎಲ್ಲಾ ಕಿತ್ತುಹೋಗಿದೆ. ಈ ಕಡೆ ಏನೂ ಇಲ್ಲ. ಒಂದು ಮೀಟರ್ ಗೋಡೆ ಯಾರು ಕಟ್ತಾರೆ?” ಮೇಡಂ ಬದುವಿನ ಇಟ್ಟಿಗೆಗಳನ್ನು ಮತ್ತೊಮ್ಮೆ ಅಳೆದರು. ಅವನ ಪ್ರಶ್ನೆಗೆ ಉತ್ತರ ಇದ್ದದ್ದು ನನ್ನ ಹತ್ತಿರ.

ರಾಶಿಯಲ್ಲಿ ಆ ಮಣ್ಣು ಎಲ್ಲಿದೆ ಎಂದು ಹುಡುಕಿದೆ. ಎಲ್ಲ ಒಂದೇ ಕಂದು.

ಅಕ್ಕ ಫೋನ್ ಮಾಡಿದಳು. ಸಹಿ ಆಯಿತಾ ಎಂದು. ನಾಳೆ ಅಂದೆ.

ಅಕ್ಟೋಬರ್ 14, ಮಂಗಳವಾರ

ಹೇಳಿದೆ.

ಮೇಡಂ ಶೆಡ್ಡಿನಲ್ಲಿ ನಾಳೆಗೆ ಕಾಗದ ಜೋಡಿಸುತ್ತಿದ್ದರು. ಕೂತ್ಕೋ ಅಂದರು, ಕೂರಲಿಲ್ಲ. ಬುಧವಾರ ಮಾವ ನಿಲ್ಲಿಸಿ ನೋಡೋಣ ಅಂದರು, ನಾನು ಅಗೀರಿ ಅಂದೆ. ಶುಕ್ರವಾರ ಇಟ್ಟಿಗೆ ಮೊದಲು ನೋಡಿದವಳು ನಾನು. ಅದರ ಮೇಲೆ ಮಣ್ಣು ಬಳಿದವಳೂ ನಾನು. ಅಷ್ಟನ್ನು ಒಂದೇ ಉಸಿರಿಗೆ ಹೇಳಿದೆ.

ಬೈಯುತ್ತಾರೆ ಎಂದು ಕಾದೆ. ಅವರು ಕನ್ನಡಕ ತೆಗೆದು ಸೀರೆಯ ಸೆರಗಿನಲ್ಲಿ ಒರೆಸಿದರು, ತುಂಬ ಹೊತ್ತು.

“ಪಟ್ಟಿ ಎಷ್ಟು ಅಗಲ ಇತ್ತು?”

“ಎರಡೂವರೆ ಕರಣೆ.”

“ಕರಣೆಯಲ್ಲಲ್ಲ, ಸೆಂಟಿಮೀಟರಲ್ಲಿ ಹೇಳು.”

ಕರಣೆ ಅಳೆದು ಹೇಳಿದೆ. ಅರುವತ್ತರ ಹತ್ತಿರ. ಎಲ್ಲಿಂದ ಎಲ್ಲಿಯವರೆಗೆ, ಎಷ್ಟು ಆಳದಿಂದ, ಮಣ್ಣು ಪುಡಿಯಾಗಿ ಬಂತಾ ಹೆಂಟೆಯಾಗಿ ಬಂತಾ. ಒಂದು ಗಂಟೆ ಕೇಳಿದರು, ಎಲ್ಲವನ್ನೂ ಬರೆದುಕೊಂಡರು. ಕೊನೆಗೆ, “ನಾಳೆ ಅಧಿಕಾರಿ ಮುಂದೆ ಇದನ್ನೇ ಹೇಳ್ತೀಯಾ?”

“ಹೇಳ್ತೀನಿ.”

“ಇಟ್ಟಿಗೆ ನೋಡಿದ್ಯಾ ಅಂತ ಕೇಳ್ತಾರೆ.”

ಹೌದು ಎನ್ನು ಅಂತ ಅವರು ಹೇಳಲಿಲ್ಲ. ಬೇಡ ಅಂತಲೂ ಹೇಳಲಿಲ್ಲ.

ಹೊರಗೆ ಬಂದು ಮಾವನಿಗೆ ಹೇಳಿದರೆ ಅವರಿಗೆ ಸಿಟ್ಟು ಬಂತು. “ನಾನೊಂದು ಮಾತು ಆಡಿದ್ದೆ, ಅದನ್ನೂ ಅಗೆದು ಹಾಕಿದ್ಯಾ?”

ಅಕ್ಟೋಬರ್ 15, ಬುಧವಾರ

ಅಧಿಕಾರಿ ಹತ್ತೂವರೆಗೆ ಬಂದರು. ಗಿಡ್ಡ ಮನುಷ್ಯ, ನೆಗಡಿ. ಒಂದು ಕೈಯಲ್ಲಿ ಕರ್ಚೀಫು, ಇನ್ನೊಂದರಲ್ಲಿ ಫೈಲು. ಮೇಡಂ, ಇಂಜಿನಿಯರ್, ನಾನು, ಏಣಿಯ ಮೇಲೆ ಅರ್ಧ ಇಳಿದು ನಿಂತ ಮಾವ. ಮಷೀನು ಬಡಿಯುತ್ತಲೇ ಇತ್ತು. ಬದುವಿನಿಂದ ಒಂದೊಂದು ಹರಳು ಉದುರುತ್ತಿತ್ತು. ಅದನ್ನು ನೋಡಿ ನೋಡಿ ನನಗೆ ತಡೆಯಲಾಗಲಿಲ್ಲ.

“ಸರ್, ಅದನ್ನ ಸ್ವಲ್ಪ ನಿಲ್ಸೋಕೆ ಹೇಳಿ” ಅಂದೆ ಇಂಜಿನಿಯರ್‌ಗೆ. “ಬದು ಅದುರ್ತಿದೆ.”

ಅವನು ಮೇಡಂ ಮುಖ ನೋಡಿದ. ಆಮೇಲೆ ಫೋನ್ ತೆಗೆದ. ಮಷೀನು ನಿಂತಿತು.

ನಾನು ನಡೆದದ್ದನ್ನು ಹೇಳಿದೆ. ಇಂಜಿನಿಯರ್ ನಕ್ಕ. “ಚೆನ್ನಾಗಿದೆ. ಗೋಡೆ ಇಲ್ಲ ಅನ್ನೋದೇ ಗೋಡೆ ಇತ್ತು ಅನ್ನೋಕೆ ಸಾಕ್ಷಿ. ಕೆಡವಿದೋರೇ ಬಂದು ಹೇಳ್ತಿದಾರೆ.”

ಅಧಿಕಾರಿ ಮೂಗು ಒರೆಸಿಕೊಂಡು ನನ್ನನ್ನೇ ಕೇಳಿದರು. “ಟ್ರೆಂಚಿನೊಳಗೆ ಇಟ್ಟಿಗೆ ನೋಡಿದ್ರಾ ನೀವು?”

ಹೌದು ಎಂದರೆ ಮುಗಿಯಿತು. ಒಂದೇ ಮಾತು. ನಾನು ಮೊದಲು ಮಾಡಿದ ಸುಳ್ಳಿಗಿಂತ ಚಿಕ್ಕದು, ಒಳ್ಳೆಯದಕ್ಕೇ ಹೇಳುವುದು. ಮೇಡಂ ನೆಲ ನೋಡುತ್ತಿದ್ದರು. ಬಾಯಿಯವರೆಗೆ ಬಂತು.

“ಇಲ್ಲ ಸರ್. ನೋಡಿದ್ರೆ ನಿಲ್ಲಿಸ್ತಿದ್ದೆ. ಬಿಗಿ ಮಣ್ಣಿನ ಪಟ್ಟಿ ನೋಡಿದೆ. ಅದು ಬದುವಿನಲ್ಲಿ ಇಟ್ಟಿಗೆ ಇರೋ ಜಾಗಕ್ಕೇ ಸೇರ್ತಿತ್ತು. ನನಗೆ ಗೊತ್ತಿರೋದು ಅಷ್ಟೇ.”

“ಹಾಗಾದ್ರೆ ಗೋಡೆ ಇತ್ತು ಅಂತ ಹೇಗೆ ಬರೀಲಿ?”

“ನೀವು ಬರೀಬೇಡಿ ಸರ್. ಬದು ಬಿಚ್ಚೋಕೆ ಬಿಡಿ. ಎದುರಿನ ಮೈ ಅಷ್ಟೇ ಕಾಣ್ತಿದೆ ಈಗ. ಮೇಲಿಂದ ಇಳಿದ್ರೆ ಗೋಡೆ ಇಲ್ಲೇ ಮುಗಿದಿತ್ತಾ, ಮುಂದಕ್ಕೂ ಹೋಗಿತ್ತಾ ಅಂತ ಗೊತ್ತಾಗ್ಬಹುದು.”

“ಆಗ್ಬಹುದು” ಎಂದು ಇಂಜಿನಿಯರ್ ನನ್ನ ಮಾತನ್ನೇ ಎಳೆದು ಹೇಳಿದ.

ಅಧಿಕಾರಿ ಎರಡು ದಿನ ಕೊಟ್ಟರು. ಶುಕ್ರವಾರ ಸಂಜೆ ನಾಲ್ಕರವರೆಗೆ. ಅಷ್ಟರಲ್ಲಿ ಏನೂ ತೋರಿಸಲಾಗದಿದ್ದರೆ ಮಷೀನು ಈ ಕಡೆ ಬರುತ್ತದೆ.

ಮೇಡಂ ಏಣಿ ಹತ್ತುವಾಗ ಮಾವನಿಗೆ ಹೇಳಿದರು, “ಜರಡಿ ಬೇರೆಯವರು ನೋಡ್ಕೊಳ್ಳಲಿ. ಬದು ನಿಮ್ಮಿಬ್ಬರದು.”

ಅಕ್ಟೋಬರ್ 16, ಗುರುವಾರ

ತೊಂಬತ್ತು ಸೆಂಟಿಮೀಟರ್ ಇಳಿದಿದ್ದೇವೆ. ಪಿಕಾಸಿ ಇಲ್ಲ, ಕರಣೆ ಮತ್ತು ಬ್ರಷ್ ಮಾತ್ರ. ಪ್ರೆಸ್ಸಿನವರ ಕಾಲದ ಸುಣ್ಣ, ಅದರ ಕೆಳಗೆ ಬೂದಿ, ಅದರ ಕೆಳಗೆ ಬೂದಿಯೂ ಅಲ್ಲದ ಮಣ್ಣೂ ಅಲ್ಲದ ಒಂದು ಪದರ. ಅದಕ್ಕೆ ಮಾವ ಹೇಳುವ ಹೆಸರನ್ನು ಬರೆಯುವಂತಿಲ್ಲ.

ಅರ್ಜಿಯ ದಿನ ನಿನ್ನೆಗೇ ಮುಗಿಯಿತು, ಸಹಿ ಹಾಕಲಿಲ್ಲ. ಅಕ್ಕನ ಐದು ಮಿಸ್ಡ್ ಕಾಲ್. ಕೈ ತುಂಬ ಮಣ್ಣಿತ್ತು.

ಅಕ್ಟೋಬರ್ 17, ಶುಕ್ರವಾರ

ಬೆಳಿಗ್ಗೆ ಎಂಟಕ್ಕೆ ಮೊದಲ ಇಟ್ಟಿಗೆಯ ನೆತ್ತಿ. ಹನ್ನೊಂದಕ್ಕೆ ಇಡೀ ವರಸೆ, ಎರಡಕ್ಕೆ ಐದೂ ವರಸೆಯ ಪಕ್ಕದ ಮೈ. ಮೂವತ್ತೆಂಟು ಸೆಂಟಿಮೀಟರ್ ಉದ್ದದ ಇಟ್ಟಿಗೆ, ಎಲ್ಲವೂ ಒಂದೇ ಅಚ್ಚಿನವು. ಒಂದರಲ್ಲಿ ಯಾವುದೋ ಕಾಲದ ಯಾರದೋ ಹೆಬ್ಬೆರಳು ಒತ್ತಿದ ಗುಳಿ.

ಇಂಜಿನಿಯರ್ ಮೂರಕ್ಕೇ ಬಂದು ಕುರ್ಚಿ ಹಾಕಿಸಿಕೊಂಡು ಕೂತ. “ಸರಿ, ಗೋಡೆ ಅಂತಲೇ ಇಟ್ಕೊಳ್ಳಿ. ಬದುವಿನಲ್ಲೇ ಮುಗಿದಿದೆ ಅಂತೀನಿ ನಾನು. ಈ ಕಡೆ ಬಂದಿತ್ತು ಅನ್ನೋಕೆ ಏನಿದೆ?”

ನಾನು ಆಗಲೇ ಟ್ರೆಂಚಿನ ಕಡೆಯ ಅಂಚಿನಲ್ಲಿ ಮೊಣಕಾಲೂರಿ ಅಳೆಯುತ್ತಿದ್ದೆ. ಅಂಚಿನ ಇಟ್ಟಿಗೆ ಮೂವತ್ತೆಂಟು ಇರಲಿಲ್ಲ, ಒಂಬತ್ತಿತ್ತು. ಅದರ ಕೆಳಗಿನದು ಇಪ್ಪತ್ತೆಂಟು. ಕೆಳಗೆ ಮತ್ತೆ ಒಂಬತ್ತು, ಇಪ್ಪತ್ತೆಂಟು, ಒಂಬತ್ತು. ಐದು ವರಸೆಯೂ ಒಂದೇ ನೇರಕ್ಕೆ ನಿಂತಿದ್ದವು, ಸ್ಕೇಲಿಟ್ಟು ಕೊಯ್ದಂತೆ. ಗೋಡೆಯ ಕೊನೆಯಾಗಿದ್ದರೆ ಅಲ್ಲಿ ಮಣ್ಣಿನ ಗಿಲಾವು ಇರಬೇಕು, ಮೂಲೆಗೆ ಇಟ್ಟಿಗೆ ತಿರುಗಬೇಕು. ಇಲ್ಲಿ ಇಟ್ಟಿಗೆಗಳ ಹೊಟ್ಟೆಯೇ ತೆರೆದುಕೊಂಡಿತ್ತು. ಒಳಗಿದ್ದ ಹೊಟ್ಟಿನ ಕಡ್ಡಿಗಳು ಅರ್ಧಕ್ಕೆ ತುಂಡಾಗಿದ್ದವು. ಅಡ್ಡಡ್ಡ ಗೀರುಗಳು. ಕರಣೆಯ ಗೀರು.

“ಇದು ಏನು?” ಅಧಿಕಾರಿ ಕೇಳಿದರು. ಅವರು ಬಂದದ್ದು ನನಗೆ ತಿಳಿದಿರಲಿಲ್ಲ.

“ನಾನು ಕೊಯ್ದ ಜಾಗ ಸರ್. ಈ ಇಟ್ಟಿಗೆಯ ಒಂಬತ್ತು ಸೆಂಟಿಮೀಟರ್ ಇಲ್ಲಿದೆ. ಉಳಿದ ಇಪ್ಪತ್ತೊಂಬತ್ತು ನಾನು ಎಸೆದ ಮಣ್ಣಲ್ಲಿದೆ.”

ಅವರು ಟೇಪ್ ತೆಗೆದುಕೊಂಡು ಐದೂ ವರಸೆಯನ್ನು ತಾವೇ ಅಳೆದರು. ಇಂಜಿನಿಯರ್ ಕೂಡ ಇಳಿದು ಬಂದು ನೋಡಿದ. ಅವನೂ ಗೋಡೆ ಕಟ್ಟಿಸುವವನೇ. ತುಂಡಾದ ಇಟ್ಟಿಗೆಯ ಮೇಲೆ ಬೆರಳಾಡಿಸಿ, “ಗೋಡೆ ಹೀಗೆ ಯಾರೂ ಮುಗಿಸಲ್ಲ ಬಿಡಿ” ಎಂದು ಏಣಿ ಹತ್ತಿದ.

ಟ್ರೆಂಚಿನ ತಳವನ್ನು ಇನ್ನಷ್ಟು ಇಳಿಸಿ ನೋಡಲು, ದಕ್ಷಿಣಕ್ಕೆ ಹೊಸದಾಗಿ ಅಗೆಯಲು ಅಧಿಕಾರಿ ಹನ್ನೆರಡು ದಿನ ಕೊಟ್ಟರು. ಸಾಲುವುದಿಲ್ಲ. ಗೋಡೆ ಎಂದ ಮೇಲೆ ಅದರ ಎದುರು ಇನ್ನೊಂದು ಇರಬೇಕು, ನಡುವೆ ನೆಲ ಇರಬೇಕು. ಹನ್ನೆರಡು ದಿನದಲ್ಲಿ ಎಲ್ಲಿಂದ ಆಗುತ್ತದೆ?

ಅಕ್ಟೋಬರ್ 20, ಸೋಮವಾರ

ಇವತ್ತು ನಕ್ಷೆ ಬರೆದೆ. ಬದುವಿನೊಳಗಿನ ಗೋಡೆಗೆ ಗಟ್ಟಿ ಗೆರೆ. ನನ್ನ ಟ್ರೆಂಚಿನೊಳಗೆ ಬಂದದ್ದಕ್ಕೆ ಚುಕ್ಕಿ ಗೆರೆ, ಪಕ್ಕದಲ್ಲಿ ನನ್ನ ಹೆಸರು, ಯಾವ ದಿನ, ಎಷ್ಟು ಹೊತ್ತಿಗೆ ತೆಗೆದದ್ದು ಎಂದು. ಈ ನಕ್ಷೆ ವರದಿಯ ಜೊತೆ ಅಚ್ಚಾಗುತ್ತದೆ, ನನ್ನ ಕಾಲ ಮುಗಿದ ಮೇಲೂ ಇರುತ್ತದೆ ಎಂದು ಮೇಡಂ ಎಚ್ಚರಿಸಿದರು. ಪೆನ್ಸಿಲ್ ಚೂಪಿರಲಿಲ್ಲ, ಬೇರೆ ತೆಗೆದುಕೊಂಡೆ.

ಗೋಡೆಯ ಎರಡೂ ಬದಿಗೆ ಎಳೆದ ಚುಕ್ಕಿ ಗೆರೆಗಳು ಪಶ್ಚಿಮಕ್ಕೆ ಎರಡು ಮೀಟರಿನಷ್ಟು ಹೋಗಿ ನಿಂತಿವೆ. ಮೇಡಂ ಅಲ್ಲಿ ಬೆರಳಿಟ್ಟರು. “ಇದನ್ನ ಯಾಕೆ ಬಿಟ್ಟಿದ್ದೀಯ? ಅಡ್ಡ ಒಂದು ಗೆರೆ ಎಳೆದು ಮುಚ್ಚು. ನೋಡೋರಿಗೆ ಅರ್ಧಕ್ಕೆ ಬಿಟ್ಟ ಹಾಗೆ ಕಾಣತ್ತೆ.”

“ಎಲ್ಲಿ ಮುಗೀತು ಅಂತ ನಾನು ನೋಡಿಲ್ಲ ಮೇಡಂ.”

“ಅಂದಾಜು ಹಾಕು.”

“ಬಿಗಿ ಮಣ್ಣು ಅಲ್ಲೀವರೆಗೆ ಇದ್ದಿದ್ದು ನೆನಪಿದೆ. ಅದರಾಚೆ ನನಗೆ ಗೊತ್ತಿಲ್ಲ. ಮುಚ್ಚಿದ್ರೆ ಗೊತ್ತಿದೆ ಅಂತಾಗತ್ತೆ.”

ಅವರು ನಕ್ಷೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಪೆನ್ ಕೇಳಿ, ಕೆಳಗೆ ಸಹಿ ಮಾಡಿ ನನ್ನ ಕೈಗೇ ಕೊಟ್ಟರು.

ನಾಳೆ ದಕ್ಷಿಣದ ಬದಿ ಶುರು. ಮಾವನಿಗೆ ಆರೂವರೆಗೇ ಬರಲು ಹೇಳಿದ್ದೇನೆ. “ನಿದ್ದೆಗೂ ಬಿಡಲ್ಲ ಇವಳು” ಎಂದು ಎಲ್ಲರಿಗೂ ಕೇಳುವಂತೆ ಗೊಣಗಿದರು.